ಹಿಂದಿನ ಸೀಟಿನ ಭಾರ

ಇದನ್ನು ಕೇಳಿದವರಲ್ಲಿ ಕೆಲವರು ನಕ್ಕಿದ್ದಾರೆ, ಉಳಿದವರು ಮಾತು ಬದಲಿಸಿದ್ದಾರೆ. ನಗುವವರು ನಗಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ದೆವ್ವದ ಕತೆ ಹೇಳಿ ಮಕ್ಕಳನ್ನು ಹೆದರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನನ್ನ ಬೆನ್ನ ಹಿಂದೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಆಗ ಎರಡನೆಯ ಮಹಾಯುದ್ಧ ಮುಗಿದ ಹೊಸತು. ಕೆಲಸ ಧಾರವಾಡದಲ್ಲಿ. ಮನೆ ಮಾತ್ರ ಆ ವರ್ಷವಷ್ಟೇ ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಬದಲಾಗಿತ್ತು. ರೈಲಿನಲ್ಲಿ ಓಡಾಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮೆಟ್ರಿಕ್ ಹುಡುಗರಿಗೆ ಮನೆಪಾಠ ಹೇಳತೊಡಗಿದಾಗ ತೊಂದರೆ ಶುರುವಾಯಿತು. ಪಾಠ ಮುಗಿಯುವಷ್ಟರಲ್ಲಿ ಸಂಜೆಯ ರೈಲು ಹೋಗಿಬಿಡುತ್ತಿತ್ತು. ಒಂದು ಮೋಟಾರ್ ಸೈಕಲ್ಲು ಕೊಳ್ಳುವುದೆಂದು ನಿಶ್ಚಯ ಮಾಡಿದೆ.

ನಮ್ಮ ಶಾಲೆಯ ಡ್ರಿಲ್ ಮಾಸ್ತರು ಪವಾರರು ಪಲ್ಟನ್ನಿನಲ್ಲಿದ್ದಾಗ ಮೋಟಾರ್ ಸೈಕಲ್ಲಿನ ಮೇಲೆ ಟಪಾಲು ಒಯ್ದವರು. ಅವರನ್ನೇ ಕರೆದುಕೊಂಡು ತಿರುಗಿದೆ. ದೊಡ್ಡ ಎಂಜಿನ್ನಿನದು ಬೇಡವೆಂದರು, ಪೆಟ್ರೋಲಿನ ರೇಶನ್ ಕೂಪನ್ನು ತಿಂಗಳ ಅರ್ಧಕ್ಕೇ ಮುಗಿಯುತ್ತದಂತೆ. ತೀರಾ ಚಿಕ್ಕದೂ ಬೇಡ, ಏರು ಬಂದಲ್ಲಿ ಇಳಿದು ನೂಕಬೇಕಾದೀತು. ಸೈನ್ಯದ ಹರಾಜಿನಲ್ಲಿ ಬಂದವುಗಳ ಹೊಟ್ಟೆಯೆಲ್ಲ ಸವೆದಿರುತ್ತದೆ ಎಂದು ಅವನ್ನೂ ಬಿಡಿಸಿದರು.

"ನಿಮಗ ಜೋರ ಹೋಗೂದು ಬೇಕಾಗಿಲ್ಲ ಮಾಸ್ತರ," ಎಂದರು ಪವಾರರು. "ದಿನಾ ಹೋಗಿ ದಿನಾ ತಿರಗಿ ಬರೂದು ಬೇಕಾಗೇತಿ. ನಡೂ ಅಳತಿದು, ಒಂದ ಸಿಲಿಂಡರಿಂದು ನೋಡೋಣ. ಕೆಟ್ಟರ ನೀವ ಬಿಚ್ಚಿ ನೀವ ಕೂಡಸೂ ಹಂಗ ಇರಬೇಕು."

ಅಂಥದೊಂದು ಧಾರವಾಡದ ಒಬ್ಬ ದೊಡ್ಡ ವಕೀಲರ ಮನೆಯಲ್ಲಿ ಸಿಕ್ಕಿತು. ಮಗ ಓಡಿಸುತ್ತಿದ್ದನಂತೆ, ಡಾಕ್ಟರು ಬೇಡ ಎಂದದ್ದರಿಂದ ಬಿಟ್ಟನಂತೆ. ಪವಾರರು ಕುಕ್ಕರಗಾಲಲ್ಲಿ ಕುಳಿತು ಗಾಲಿ ತಿರುಗಿಸಿ ನೋಡಿದರು, ಚೈನು ಎಳೆದು ನೋಡಿದರು, ಎಂಜಿನ್ನಿಗೆ ಕಿವಿಗೊಟ್ಟರು. ಗಾಡಿ ಹಳೆಯದು, ಹಿಂದಿನ ಸೀಟು ಮಾತ್ರ ಹೊಸದಾಗಿತ್ತು. ಎಲ್ಲೋ ಒಮ್ಮೆ ಬಿದ್ದಿರಬೇಕು, ಆದರೆ ಎಂಜಿನ್ನು ಛಲೋ ಇದೆ ಎಂದರು. ಕೊಂಡೆ.

ಆ ಗಾಡಿಯನ್ನು ನಾನು ನೋಡಿಕೊಂಡಷ್ಟು ನನ್ನ ಆರೋಗ್ಯವನ್ನೂ ನೋಡಿಕೊಂಡಿಲ್ಲ. ರವಿವಾರ ಬಂತೆಂದರೆ ಅಂಗಳದಲ್ಲಿ ಗೋಣಿ ಹಾಸಿ ಕೂಡುತ್ತಿದ್ದೆ. ಪ್ಲಗ್ಗು ತೆಗೆದು ಮಸಿ ಕೆರೆಯುವುದು, ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಹಾಕುವುದು, ಬ್ರೇಕಿನ ತಂತಿ ಬಿಗಿಮಾಡುವುದು, ಟಾಯರಿಗೆ ಗಾಳಿ ಹೊಡೆಯುವುದು... ಕೆಲವೇ ತಿಂಗಳಲ್ಲಿ ಅದರ ಒಂದೊಂದು ಸದ್ದೂ ನನಗೆ ಪರಿಚಯವಾಯಿತು. ಯಾವ ಏರಿನಲ್ಲಿ ಗೇರು ಇಳಿಸಬೇಕು, ಹಿಂದೆ ಹೆಂಡತಿ ಕುಳಿತಾಗ ಎಂಜಿನ್ನು ಹೇಗೆ ದಮ್ಮು ಕಟ್ಟುತ್ತದೆ, ಎಲ್ಲ ಗೊತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಆ ಸಂಜೆ ನನಗಾದದ್ದು ಭ್ರಮೆಯಲ್ಲ.

ಬೇಸಿಗೆಯೆಲ್ಲ ಬೆಳಕಿರುವಾಗಲೇ ಉಣಕಲ್ ಕೆರೆ ದಾಟಿಬಿಡುತ್ತಿದ್ದೆ. ಚಳಿಗಾಲ ಬಂದು ಹೊತ್ತು ಬೇಗ ಮುಳುಗತೊಡಗಿತು. ಆವತ್ತು ನವಲೂರು ದಾಟುವಾಗಲೇ ಕತ್ತಲೆ. ತೋಟಗಳಿಂದ ಮಾಗಿದ ಪೇರಲ ಹಣ್ಣಿನ ವಾಸನೆ ಬರುತ್ತಿತ್ತು. ರಸ್ತೆಯಲ್ಲಿ ಒಂದು ಚಕ್ಕಡಿಯೂ ಇರಲಿಲ್ಲ.

ಕೆರೆಯ ಏರಿ ಬಂತು. ನೀರಿನ ಮೇಲಿಂದ ತಣ್ಣನೆ ಗಾಳಿ ಬೀಸಿತು...

ಆಗ ಹಿಂದಿನ ಸೀಟಿನ ಸ್ಪ್ರಿಂಗು ಕಿರ್ ಎಂದಿತು.

ಗಾಡಿ ಒಮ್ಮೆ ಎಡಕ್ಕೆ ವಾಲಿ ನೇರವಾಯಿತು. ಪಕ್ಕಕ್ಕೆ ಎರಡೂ ಕಾಲು ಇಳಿಬಿಟ್ಟು ಹೆಂಗಸು ಕುಳಿತಾಗ ವಾಲುತ್ತದಲ್ಲ, ಹಾಗೆಯೇ. ಎಂಜಿನ್ನು ದಮ್ಮು ಕಟ್ಟಿತು. ದಿನವೂ ಸಲೀಸಾಗಿ ಹತ್ತುತ್ತಿದ್ದ ಏರಿಗೆ ಗೇರು ಇಳಿಸಬೇಕಾಯಿತು.

ಟಾಯರಿನ ಗಾಳಿ ಹೋಗಿರಬೇಕೆಂದು ನಿಲ್ಲಿಸಿ ಇಳಿದೆ. ಬ್ಯಾಟರಿ ಹಿಡಿದು ನೋಡಿದರೆ ಮುಂದಿನ ಗಾಲಿ ಸರಿಯಾಗಿತ್ತು. ಹಿಂದಿನ ಟಾಯರು ನೆಲಕ್ಕೆ ಅಮರಿ ಅಗಲವಾಗಿತ್ತು. ಬೆರಳಿಂದ ಒತ್ತಿದೆ. ಗಾಳಿ ಗಟ್ಟಿಯಾಗಿಯೇ ಇತ್ತು. ಬೆಳಕನ್ನು ಮೇಲೆತ್ತಿದೆ. ಸೀಟಿನ ಮೇಲೆ ಯಾರೂ ಇಲ್ಲ. ಆದರೆ ಅದರ ಕೆಳಗಿನ ಸ್ಪ್ರಿಂಗುಗಳು ಪೂರಾ ಅದುಮಿಕೊಂಡು ಕುಳಿತಿದ್ದವು.

ಅದರ ಜೊತೆಗೇ ಒಂದು ವಾಸನೆ. ತಲೆಗೆ ಮುಡಿದ ದವನದ ವಾಸನೆ, ಮತ್ತು ಅದರೊಳಗೆ ಕೆಸರು.

ಓಡಿಹೋಗಬಹುದಿತ್ತು. ಆದರೆ ಎಲ್ಲಿಗೆ? ಸುತ್ತಲೂ ಕತ್ತಲೆ, ಪಕ್ಕದಲ್ಲಿ ನೀರು. ಗಾಡಿಯನ್ನು ಬಿಟ್ಟು ನಡೆದರೆ ಅದು ನನ್ನ ಹಿಂದೆಯೇ ನಡೆದುಬಂದರೆ ಎಂಬ ಭಯ. ಕಿಕ್ ಹೊಡೆದು ಹೊರಟೆ. ಬೇಗ ಊರು ಸೇರಬೇಕೆಂದು ವೇಗ ಹೆಚ್ಚಿಸಿದೆ.

ನನ್ನ ಬಲಗಿವಿಯ ಹತ್ತಿರ ಸಣ್ಣ ದನಿ...

"ಸಾವಕಾಶ ಹೊಡೀರಿ. ನನಗ ಅಂಜಿಕಿ ಬರ್ತೈತಿ."

ಹೆಣ್ಣು ದನಿ. ಗದರಿಸುವ ದನಿಯಲ್ಲ, ಬೇಡಿಕೊಳ್ಳುವ ದನಿ. ಹೇಗೆ ಬಂದೆನೋ ಗೊತ್ತಿಲ್ಲ. ಆದರೆ ಸಾವಕಾಶವಾಗಿಯೇ ಹೊಡೆದೆ. ಹುಬ್ಬಳ್ಳಿ ಸ್ಟೇಶನ್ನಿನ ದೀಪಗಳು ಕಂಡವು, ಜನ ಕಂಡರು, ಭಾರ ಮಾತ್ರ ಇಳಿಯಲಿಲ್ಲ. ಕೇಶ್ವಾಪುರದಲ್ಲಿ ನನ್ನ ಮನೆಗೆ ತಿರುಗುವ ಮೊದಲೊಂದು ಓಣಿ. ಅದರ ಬಾಯಿಗೆ ಬಂದಾಗ ಎಂಜಿನ್ನು ತಾನಾಗಿಯೇ ನಿಂತುಹೋಯಿತು. ಸ್ಪ್ರಿಂಗು ಕಿರ್ ಎಂದು ಮೇಲೆದ್ದಿತು. ದವನದ ವಾಸನೆ ನನ್ನನ್ನು ದಾಟಿ ಓಣಿಯೊಳಗೆ ಹೋಯಿತು.

ಮೊದಲನೆಯ ಮನೆಯ ಬಾಗಿಲು ತೆರೆಯಿತು. ಕಂದೀಲು ಹಿಡಿದು ಒಬ್ಬ ವಯಸ್ಸಾದ ಹೆಂಗಸು ಹೊರಗೆ ಬಂದಳು. ಓಣಿಯವರು ಯಾರೂ ಮಾತಾಡಿಸದ ಹೆಂಗಸು ಅವಳು. ಯಾಕೆಂದು ನಾನೂ ಕೇಳಿರಲಿಲ್ಲ.

"ಶಾಂತಾನ ಕರಕೊಂಡ ಬಂದ್ಯೇನಪಾ?" ಎಂದಳು.

ನಾನು ಬೇರೆಯವನೆಂದು ಕಂದೀಲಿನ ಬೆಳಕಿನಲ್ಲಿ ಕಂಡ ಮೇಲೆ ಕಂದೀಲನ್ನು ಕೆಳಗಿಟ್ಟಳು. ಆಮೇಲೆ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು ಹೇಳಿದಳು. ಶಾಂತಾ ಅವಳ ಒಬ್ಬಳೇ ಮಗಳು. ಮಾಸ್ತರಿಕೆಯ ತರಬೇತಿಗೆಂದು ಧಾರವಾಡಕ್ಕೆ ಹೋಗಿ ಬರುತ್ತಿದ್ದಳು. ವಕೀಲರ ಮಗ ಮದುವೆಯಾಗುವೆನೆಂದು ಮಾತು ಕೊಟ್ಟಿದ್ದ, ಆಗೀಗ ಈ ಗಾಡಿಯ ಮೇಲೆಯೇ ಅವಳನ್ನು ಓಣಿಯ ಬಾಯಿಗೆ ತಂದು ಬಿಡುತ್ತಿದ್ದ. ಒಂದು ಸಂಜೆ ಅವಳು ಬರಲಿಲ್ಲ. ಕೇಳಲು ಹೋದರೆ, ಮಗ ಅವಳನ್ನು ಧಾರವಾಡದ ಸ್ಟೇಶನ್ನಿಗೆ ಬಿಟ್ಟು ಬಂದನೆಂದೂ, ಅಲ್ಲಿಂದ ಅವಳು ನಾಟಕ ಕಂಪನಿಯವನೊಬ್ಬನ ಜೊತೆ ಪುಣೆಗೆ ಓಡಿಹೋದಳೆಂದೂ ವಕೀಲರು ಹೇಳಿದರು. ವಕೀಲರ ಮಾತು, ಎಲ್ಲರೂ ನಂಬಿದರು. ಆ ತಾಯಿಯ ಸ್ವಂತ ತಮ್ಮನೇ ಅಕ್ಕನ ಮನೆಗೆ ಕಾಲಿಡುವುದನ್ನು ಬಿಟ್ಟ.

"ಫಟಫಟಿ ಓಣಿ ಬಾಯಾಗ ನಿಂತ ಸಪ್ಪಳ ಗುರ್ತ ಹಿಡದ ಹೊರಗ ಬಂದ್ನಿ," ಎಂದಳು. ನನಗೆ ಏನಾಯಿತೆಂದು ಕೇಳಿದಳು. ಹೇಳಿದೆ. ಸುಳ್ಳು ಹೇಳುವ ಶಕ್ತಿಯೇ ಇರಲಿಲ್ಲ.

ಅವಳು ಅಳಲಿಲ್ಲ. ಒಳಗೆ ಹೋಗಿ ಬಾಗಿಲ ಬಳಿ ಕಾಲು ತೊಳೆಯಲು ಒಂದು ತಂಬಿಗೆ ನೀರು ತಂದಿಟ್ಟಳು. ನನಗಲ್ಲ ಎಂದು ತಿಳಿಯಿತು.

ಮರುದಿನ ವಕೀಲರ ಮನೆಗೆ ಹೋದೆ. ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕುಳಿತಿದ್ದರು. ಹೊಸ ಸೀಟು ಯಾಕೆ ಹಾಕಿಸಿದಿರಿ, ಗಾಡಿ ಎಲ್ಲಿ ಬಿದ್ದಿತ್ತು ಎಂದು ಕೇಳಿದೆ. ಅವರ ಅಡಕತ್ತರಿ ನಿಲ್ಲಲಿಲ್ಲ.

"ಮಾಸ್ತರ, ನೀವ ನೋಡಿ ತೊಗೊಂಡ್ರಿ, ನಾವ ಕೊಟ್ವಿ. ಮಾತ ಅಲ್ಲಿಗೆ ಮುಗೀತು," ಎಂದರು. ಅವರ ಮಾತು ಬಹಳ ನಯ. "ನಿಮ್ಮ ಸಾಲಿ ಕಮಿಟ್ಯಾಗ ನಾನೂ ಅದೇನಿ. ನೆನಪಿರಲಿ."

ನಾನು ಗಾಡಿಯ ಹತ್ತಿರ ಬಂದಾಗ ಮಗ ಹೊರಗೆ ಬಂದ. ಎಡಗಾಲು ಎಳೆಯುತ್ತಾ ನಡೆಯುತ್ತಿದ್ದ. ಕೈಯಲ್ಲಿ ಹೊಸ ಮದುವೆಯ ಉಂಗುರ. ಮೆಟ್ಟಿಲು ಇಳಿಯದೆ, ಗಾಡಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದ.

"ಕೆರಿ ಹತ್ರ... ಹಿಂದ ಯಾರರೆ ಕೂಡ್ತಾರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ತಂದೆ ಅವನನ್ನು ಹೆಸರು ಹಿಡಿದು ಕರೆದರು. ಹೋದ. ಬಾಗಿಲು ಹಾಕಿಕೊಂಡಿತು.

ಪೊಲೀಸ್ ಫೌಜದಾರರ ಬಳಿಯೂ ಹೋದೆ. ಗಾಡಿ ಕೆರೆಯ ಏರಿಯ ಮೇಲೆ ಬಿದ್ದು ಶಾಂತಾ ನೀರು ಪಾಲಾಗಿರಬೇಕು, ಕೆರೆಯಲ್ಲಿ ಹುಡುಕಿಸಿ ಎಂದೆ. ಸಾಕ್ಷಿ ಏನೆಂದು ಕೇಳಿದರು. ಸ್ಪ್ರಿಂಗು ಅದುಮಿತ್ತು ಎಂದು ಹೇಳಲೇ? ಓಡಿಹೋದ ಹುಡುಗಿಗಾಗಿ ಕೆರೆಗೆ ಬಲೆ ಹಾಕಲಾಗುವುದಿಲ್ಲ ಎಂದರು. ಆಕೆಯ ಹೆಸರು ಕೆಡಿಸಲು ಇಡೀ ಊರಿಗೆ ಪುರಸತ್ತಿತ್ತು, ಹುಡುಕಲು ಮಾತ್ರ ಯಾರಿಗೂ ಇರಲಿಲ್ಲ. ಪವಾರರು ಗಾಡಿ ಮಾರಿಬಿಡಿ ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ಆ ತಾಯಿ ಮನೆಗೇ ಬಂದಳು. ಹೊಸ್ತಿಲ ಹೊರಗೇ ನಿಂತು ಹೇಳಿದಳು.

"ಮಾರಬ್ಯಾಡ್ರಿ ಮಾಸ್ತರ. ಆಕಿಗೆ ಮನಿಗೆ ಬರಾಕ ಬ್ಯಾರೆ ದಾರಿ ಇಲ್ಲ."

ಆ ಚಳಿಗಾಲವೆಲ್ಲ ನಾನು ಶಾಂತಾಳನ್ನು ಕರೆತಂದೆ. ಕೆರೆಯ ಏರಿಯ ಮೇಲೆ ಭಾರ ಕೂಡುತ್ತಿತ್ತು, ಓಣಿಯ ಬಾಯಲ್ಲಿ ಇಳಿಯುತ್ತಿತ್ತು. ಕಂದೀಲು ಬಾಗಿಲಲ್ಲಿ ಇರುತ್ತಿತ್ತು, ತಂಬಿಗೆಯ ನೀರೂ ಇರುತ್ತಿತ್ತು. ರೂಢಿಯಾಯಿತೆಂದರೆ ಸುಳ್ಳಾದೀತು. ಹೆಂಡತಿ ಆ ಗಾಡಿಯ ಮೇಲೆ ಮತ್ತೆ ಕೂಡಲಿಲ್ಲ.

ಯುಗಾದಿ ಹತ್ತಿರ ಬಂದಾಗ ಆ ತಾಯಿ ತೀರಿಕೊಂಡಳು. ಹೊರಲು ಜನ ಕೂಡಿಸುವುದೇ ಕಷ್ಟವಾಯಿತು. ಪವಾರರು ಮತ್ತು ನಾನು ಹೆಗಲು ಕೊಟ್ಟೆವು. ದೂರವಿದ್ದ ಅವಳ ತಮ್ಮ ಮಾತ್ರ ಮನೆಗೆ ಬೀಗ ಹಾಕಲು ತಪ್ಪದೆ ಬಂದ.

ಆ ವಾರವೇ ಒಂದು ದಿನ ಪಾಠ ಮುಗಿಸಿ ಬರುವಾಗ ಕೆರೆಯ ಬಳಿ ಭಾರ ಕುಳಿತಿತು. ತಾಯಿಯ ಸುದ್ದಿ ಹೇಳಬೇಕೋ ಬೇಡವೋ... ಯಾರಿಗೆಂದು ಹೇಳಲಿ? ಸಾವಕಾಶ ಹೊಡೆದುಕೊಂಡು ಬಂದೆ. ಓಣಿಯ ಬಾಯಲ್ಲಿ ಎಂಜಿನ್ನು ಎಂದಿನಂತೆ ನಿಂತಿತು. ಬೀಗ ಹಾಕಿದ ಬಾಗಿಲು. ಎಲ್ಲ ಕತ್ತಲೆ.

ಭಾರ ಇಳಿಯಲಿಲ್ಲ.

ಕಾದೆ. ಓಣಿಯಲ್ಲಿ ಒಂದು ನಾಯಿ ನನ್ನ ಹಿಂದೆ ನೋಡುತ್ತಾ ಬಾಲ ಮಡಚಿ ಸರಿಯಿತು. ಕೊನೆಗೆ ಕಿವಿಯ ಹತ್ತಿರ ಆ ದನಿ...

"ಇನ್ನ ಎಲ್ಲಿಗೆ ಹೋಗೋಣ್ರಿ?"

ಗಾಡಿಯನ್ನು ಅಲ್ಲಿಯೇ ಸ್ಟ್ಯಾಂಡಿಗೆ ಹಾಕಿ, ಕೀಲಿಯನ್ನೂ ತೆಗೆಯದೆ ಮನೆಯ ತನಕ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಹೋದರೆ ಗಾಡಿ ಅಲ್ಲಿರಲಿಲ್ಲ. ಯಾರೋ ಕದ್ದಿರಬೇಕೆಂದು ಪವಾರರು ಹೇಳುತ್ತಾರೆ. ಇರಬಹುದು. ಅದು ಇಂದಿಗೂ ಸಿಕ್ಕಿಲ್ಲ. ವಕೀಲರ ಮಗ ಈಗ ಸಂಜೆಯಾದ ಮೇಲೆ ಹೊರಗೆ ಬರುವುದಿಲ್ಲವಂತೆ, ಮನೆಯ ಮುಂದೆ ಫಟಫಟಿ ನಿಂತ ಸಪ್ಪಳ ಕೇಳಿತೆಂದು ಕೂಗಿಕೊಳ್ಳುತ್ತಾನಂತೆ. ನಾನು ವಿಚಾರಿಸಲು ಹೋಗಿಲ್ಲ.

ಮನೆಪಾಠ ಬಿಟ್ಟಿದ್ದೇನೆ. ಮತ್ತೆ ಸಂಜೆಯ ರೈಲಿಗೇ ಬರುತ್ತೇನೆ. ಉಣಕಲ್ ಹತ್ತಿರ ಬರುತ್ತಿದ್ದಂತೆ ನನ್ನ ಪಕ್ಕದ ಜಾಗ ಖಾಲಿಯಿದ್ದರೆ, ಅಲ್ಲಿ ನನ್ನ ಕೈಚೀಲ ಇಟ್ಟುಬಿಡುತ್ತೇನೆ.