ಬ್ರೇಕಿನ ಗಾಳಿ ತೆಗೆಯುವುದು ಇಬ್ಬರ ಕೆಲಸ

ನಲವತ್ತೆಂಟನೇ ವಯಸ್ಸಿನಲ್ಲಿ ಕಾರಿನ ಕೆಳಗೆ ಮಲಗುವುದು ಸುಲಭ, ಏಳುವುದು ಕಷ್ಟ. ಬೀದರಿನ ನಮ್ಮ ಮನೆಯ ಮುಂದೆ ಒಂದು ಕಾರು ನಿಲ್ಲುವಷ್ಟು ಫರಸಿ ಕಲ್ಲು ಹಾಸಿದ ಅಂಗಳವಿದೆ. ಮೂರು ವರ್ಷ ನನ್ನ ಭಾನುವಾರಗಳೆಲ್ಲ ಅಲ್ಲೇ ಕಳೆದವು. ವಾರವಿಡೀ ಸರಕಾರಿ ಕಚೇರಿಯಲ್ಲಿ ಕಡತಗಳ ಧೂಳು ಕುಡಿದವನು ಭಾನುವಾರ ಆ ಹಳೆಯ ಪುಟ್ಟ ಹ್ಯಾಚ್‌ಬ್ಯಾಕಿನ ಎಣ್ಣೆ ಮೈಗೆ ಬಳಿದುಕೊಳ್ಳುತ್ತಿದ್ದೆ. ಭಾಲ್ಕಿಯ ಹೊರಗಿನ ಬಯಲಿನಲ್ಲಿ ನಮ್ಮಂಥ ಹವ್ಯಾಸಿಗಳು ಸೇರಿ ಆಗಾಗ ಆಟೋಕ್ರಾಸ್ ನಡೆಸುತ್ತಾರೆ. ಮಣ್ಣಿನ ನೆಲದ ಮೇಲೆ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಅಂಕುಡೊಂಕು ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಓಟ ಗಡಿಯಾರದ ಜೊತೆ. ಅಲ್ಲಿ ಯಾರಿಗೂ ಸಲಾಮು ಹೊಡೆಯಬೇಕಿಲ್ಲ. ಓಡುವಷ್ಟು ಹೊತ್ತು ತಲೆಯಲ್ಲಿ ಕಚೇರಿ ಇರುವುದಿಲ್ಲ. ಈ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಿದರೆ ನಾನು ಹೇಳಬಹುದಾದದ್ದು ಅಷ್ಟೇ.

ಮೊದಲು ಹಿಂದಿನ ಸೀಟು ಹೋಯಿತು, ಭಾರ ಇಳಿಯಲಿ ಎಂದು. ಆಮೇಲೆ ಕಾರ್ಪೆಟ್ಟು, ಸ್ಟೆಪ್ನಿ. ತಿರುವಿನಲ್ಲಿ ವಾಲಬಾರದೆಂದು ಮೆತ್ತನೆಯ ಸ್ಪ್ರಿಂಗು ತೆಗೆದು ಗಟ್ಟಿ ಸ್ಪ್ರಿಂಗು ಹಾಕಿದೆ. ಬ್ರೇಕಿಗೆ ಗಡಸು ಪ್ಯಾಡು ಬಂತು, ಎಂಜಿನ್ನಿನ ಹೊಟ್ಟೆಗೆ ದಪ್ಪ ತಗಡು ಬಂತು. ಕಾರು ಜಾಕಿನ ಮೇಲೆ ನಿಂತಿರುವುದನ್ನೇ ನೋಡಿ ನೋಡಿ ಎದುರಿನ ಕಿರಾಣಿ ಅಂಗಡಿಯವರು ಒಂದು ದಿನ ಕೇಳಿಯೇಬಿಟ್ಟರು.

"ಸಾಹೇಬ್ರ, ನಿಮ್ಮ ಗಾಡಿ ದವಾಖಾನಿಯಿಂದ ಮನಿಗಿ ಯಾವಾಗ ಬರ್ತದ್ರಿ?"

"ಪೇಷಂಟ್ ಆರಾಮ ಅದಾನ್ರಿ. ಡಾಕ್ಟರಗೇ ಸೊಂಟ ಹಿಡದದ," ಎಂದೆ. ಅದು ಬರೀ ತಮಾಷೆಯಾಗಿರಲಿಲ್ಲ.

ನನ್ನ ಹೆಂಡತಿ ಎಕಂಬಾದ ಶಾಲೆಯಲ್ಲಿ ಟೀಚರ್. ಬೀದರಿನಿಂದ ಔರಾದಕ್ಕೆ ಬಸ್ಸು, ಔರಾದದಿಂದ ಮುಂದಕ್ಕೆ ಸಿಕ್ಕ ಗಾಡಿ, ಸಂಜೆ ಮತ್ತೆ ಅದೇ ದಾರಿ. ಆ ಕಡೆ ರೈಲಿಲ್ಲ. ಅವಳಿಗೂ ಕಾರು ಓಡಿಸಲು ಬರುತ್ತದೆ, ಗಟ್ಟಿ ಸ್ಪ್ರಿಂಗು ಹಾಕಿದ ಮೇಲೆ ಒಂದು ದಿನ ಅದನ್ನೇ ಶಾಲೆಗೆ ಒಯ್ದಳು. ಸಂಜೆ ಬಂದು ಕೀಲಿಕೈ ಮೊಳೆಗೆ ನೇತುಹಾಕಿ, "ಬಸ್ಸೇ ಛಲೋ ಅದ್ರಿ. ನಿಮ್ಮ ಗಾಡ್ಯಾಗ ಕುಂತ್ರ ಮೈಯಾಗ ಎಲುಬು ಎಷ್ಟವ ಅಂತ ಎಣಸ್ಬೋದು," ಎಂದಳು. ಇಬ್ಬರೂ ನಕ್ಕೆವು. ಮರುದಿನ ಅವಳು ಬಸ್ಸಿಗೇ ಹೋದಳು.

ಈ ಎಲ್ಲ ಕೆಲಸದಲ್ಲಿ ನನಗೆ ಒಬ್ಬನೇ ಮಾಡಲು ಬಾರದ್ದು ಒಂದೇ. ಬ್ರೇಕಿನ ಎಣ್ಣೆ ಬದಲಿಸಿದಾಗಲೆಲ್ಲ ಕೊಳವೆಯೊಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಪಕ್ಕ ಮಲಗಿ ಸಣ್ಣ ನಟ್ಟೊಂದನ್ನು ಸಡಿಲಿಸಿ, ಎಣ್ಣೆಯ ಜೊತೆ ಗುಳ್ಳೆ ಹೊರಬಂದ ಕೂಡಲೇ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲಿನ ಮೇಲಿನ ಕಾಲು ಎದ್ದರೆ ಗಾಳಿ ತಿರುಗಿ ಒಳಗೆ ಹೋಗುತ್ತದೆ. ಆಗ ಎಲ್ಲ ಮೊದಲಿನಿಂದ. ಪೆಡಲಿನ ಮೇಲೆ ಯಾವಾಗಲೂ ಅವಳೇ ಇರುತ್ತಿದ್ದಳು.

"ಒತ್ತಿದಿ?"

"ಒತ್ತೀನ್ರಿ."

"ಹಾಂಗೇ ಹಿಡಿ."

ಒಂದು ಸಲ ಹಾಗೆ ಹಿಡಿದಿದ್ದವಳು "ಹಾಲು ಉಕ್ಕಲತ್ತದ್ರಿ!" ಎಂದು ಕೂಗಿ ಎದ್ದು ಓಡಿದಳು. ಅರ್ಧ ಬೆಳಗಿನ ಕೆಲಸ ಮಣ್ಣುಪಾಲಾಯಿತು. ನಾನು ಕೆಳಗಿನಿಂದಲೇ ಕೂಗಾಡಿದೆ. ಅಡುಗೆಮನೆಯಿಂದ, "ಬ್ರೇಕ್ ನಾಳಿಗೂ ಆಗ್ತದ, ಹಾಲು ಆಗಲ್ರಿ," ಎಂಬ ಉತ್ತರ ಬಂತು.

ಮಗಳು ಓದಲು ಕಲಬುರಗಿಯ ಹಾಸ್ಟೆಲ್ಲಿಗೆ ಹೋದ ಮೇಲೆ ಊಟಕ್ಕೆ ಎದುರುಬದುರು ಕೂತರೆ ನಮ್ಮ ನಡುವೆ ಸಾರಿನ ಉಪ್ಪನ್ನು ಬಿಟ್ಟು ಬೇರೆ ಮಾತಿರುತ್ತಿರಲಿಲ್ಲ. ಇಬ್ಬರೂ ದಣಿದಿರುತ್ತಿದ್ದೆವು. ಆದರೆ ಪೆಡಲಿನ ಮೇಲೆ ಕಾಲಿಟ್ಟರೆ ಅವಳ ಬಾಯಿ ಬಿಚ್ಚುತ್ತಿತ್ತು. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಲೆಕ್ಕ ಬಾರದಿದ್ದರೂ ಸೊಗಸಾಗಿ ಹಾಡುವ ಹುಡುಗಿ, ಬಸ್ಸಿನಲ್ಲಿ ಒಮ್ಮೊಮ್ಮೆ ಅವಳಿಗಾಗಿ ಸೀಟು ಹಿಡಿದಿಡುತ್ತಿದ್ದ ಮುದುಕಿ, ತವರಿನಲ್ಲಿ ಅಣ್ಣನೊಂದಿಗೆ ಮಾತು ನಿಂತಿದ್ದು, ಎಲ್ಲವನ್ನೂ ಹಾಗೆಯೇ ಕೇಳಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಹೆಂಡತಿಯನ್ನು ನಾನು ತಿಳಿದುಕೊಂಡದ್ದು ಹೆಚ್ಚಾಗಿ ಮಡ್‌ಗಾರ್ಡಿನ ಕೆಳಗಿನಿಂದ.

ಕಳೆದ ಬೇಸಿಗೆಗೆ ಮುಂಚೆ ಅಂಥದೇ ಒಂದು ಭಾನುವಾರ ಅವಳು ಹೇಳಿದಳು. "ಔರಾದದಾಗ ಒಂದು ಖೋಲಿ ನೋಡೀನ್ರಿ. ವಾರ ಪೂರ ಅಲ್ಲೇ ಇರ್ತೇನಿ, ಶನಿವಾರ ಬರ್ತೇನಿ."

ನಟ್ಟು ತಿರುಗಿಸುವ ಪಾನಾ ಹಿಡಿದೇ ಕೇಳಿದೆ. "ಯಾಕ?"

"ದಣದೀನ್ರಿ. ಬಸ್ಸಿನಾಗ ನಿಂತು ನಿಂತು ಕಾಲಾಗ ಜೀವ ಉಳದಿಲ್ಲ."

ಇಷ್ಟು ಹೇಳುವಾಗಲೂ ಅವಳು ಪೆಡಲ್ ಬಿಟ್ಟಿರಲಿಲ್ಲ. ನಾನು ನಟ್ಟು ಬಿಗಿದೆ. ನನಗೆ ನಿಜವಾಗಿ ಭಯವಾಯಿತು. ಹೋಗಬೇಡ ಎನ್ನಬೇಕಿತ್ತು, ಅಥವಾ ಹೋಗು ಎನ್ನಬೇಕಿತ್ತು. "ನೋಡೂಣ ತಗೋ," ಎಂದೆ. ಮುಂದಿನ ವಾರ ಒಂದು ಸ್ಟೋವು, ಎರಡು ಪಾತ್ರೆ ಕಟ್ಟಿಕೊಂಡು ಅವಳು ಹೋದಳು.

ಶನಿವಾರ ಸಂಜೆ ಬರುತ್ತಿದ್ದಳು, ಭಾನುವಾರವೆಲ್ಲ ಮಲಗುತ್ತಿದ್ದಳು, ಸಂಜೆಯ ಬಸ್ಸಿಗೆ ಮತ್ತೆ ಹೋಗುತ್ತಿದ್ದಳು. ಹೀಗೆ ಒಂದೊಂದೇ ವಾರ ಬಂದು ಹೋಗುತ್ತಾ ಒಂದು ದಿನ ಬರುವುದನ್ನೇ ನಿಲ್ಲಿಸಿಬಿಟ್ಟರೆ ಎಂಬ ಯೋಚನೆ ನನ್ನನ್ನು ತಿನ್ನತೊಡಗಿತು. ಮನೆಯಲ್ಲಿ ಅವಳಿಗಿಂತ ಮುಂದಿನ ಜಾಗ ಹಿಡಿದು ಕೂತಿದ್ದು ಈ ಕಾರಲ್ಲವೇ ಎಂದು ಅದರ ಮೇಲೆ ಸಿಟ್ಟು ಬಂತು. ಭಾಲ್ಕಿಯ ಓಟ ಹತ್ತಿರ ಬಂದಿತ್ತು, ಬ್ರೇಕಿನ ಗಾಳಿ ತೆಗೆಯಬೇಕಿತ್ತು. ಮಲಗಿದವಳನ್ನು ಎಬ್ಬಿಸುವ ಧೈರ್ಯ ಆಗಲಿಲ್ಲ. ಎದುರಿನ ಕಿರಾಣಿಯವರನ್ನು ಕರೆದೆ. ಅವರು ಹೊಲಿಗೆ ಮಷೀನು ತುಳಿದಂತೆ ತುಳಿದರು. "ಸಾಹೇಬ್ರ, ಮುಗೀತೇನ್ರಿ? ಗಿರಾಕಿ ನಿಂತಾರ್ರಿ," ಎಂದು ಅಂಗಡಿಯ ಕಡೆಗೇ ನೋಡುತ್ತಿದ್ದರು. ಪಾಪ, ಅವರದೇನೂ ತಪ್ಪಿಲ್ಲ.

ಭಾಲ್ಕಿಯಲ್ಲಿ ಆ ಭಾನುವಾರ ಒಂದೇ ಒಂದು ಕೋನಿಗೂ ತಾಗಿಸದೆ ಓಡಿಸಿದೆ. ಮೂರು ವರ್ಷದಲ್ಲಿ ಅದೇ ನನ್ನ ಒಳ್ಳೆಯ ಓಟ. ಪಟ್ಟಿಯಲ್ಲಿ ಹೆಸರು ಎಂದಿನಂತೆ ನಡುವೆ ಎಲ್ಲೋ ಇತ್ತು, ಅದಿರಲಿ. ಮೈತುಂಬ ಧೂಳು ಹೊತ್ತು, ಹೇಳಿಕೊಳ್ಳುವ ಆಸೆಯಲ್ಲಿ ಮನೆಗೆ ಬಂದರೆ ಬಾಗಿಲಿಗೆ ಬೀಗ. ಅವಳು ಬಸ್ಸಿಗೆ ಹೋಗಿಯಾಗಿತ್ತು. ಅಂಗಳದಲ್ಲೇ ಕೂತು ತೀರ್ಮಾನ ಮಾಡಿದೆ. ಸಾಕು ಈ ಆಟ.

ಕಚೇರಿಗೆ ರಜೆ ಹಾಕಿ ಎಲ್ಲವನ್ನೂ ಬಿಚ್ಚಿದೆ. ಮೆತ್ತನೆಯ ಸ್ಪ್ರಿಂಗು ವಾಪಸು ಬಂತು, ಸೀಟು ಬಂತು, ಕಾರ್ಪೆಟ್ಟು ಬಂತು. ಕಟ್ಟುವಾಗ ಇದ್ದ ಹುರುಪು ಬಿಚ್ಚುವಾಗ ಇರುವುದಿಲ್ಲ. ಒಂದೊಂದು ಬೋಲ್ಟಿಗೂ ಕೈ ನೋಯುತ್ತಿತ್ತು. ಗಟ್ಟಿ ಸ್ಪ್ರಿಂಗುಗಳನ್ನು ನಮ್ಮ ಜೊತೆ ಓಡಿಸುವ ಭಾಲ್ಕಿಯ ತೊಗರಿ ವ್ಯಾಪಾರಿಯೊಬ್ಬರಿಗೆ ಕೊಟ್ಟುಬಿಟ್ಟೆ, ಮನಸ್ಸು ಬದಲಾಗಬಾರದೆಂದು. ಶನಿವಾರ ಮಧ್ಯಾಹ್ನ ತೊಳೆದ ಕಾರಿನಲ್ಲಿ ಔರಾದಕ್ಕೆ ಹೋದೆ.

ಅವಳ ಖೋಲಿ ಪೇಟೆಯಲ್ಲಿ ಒಂದು ಗೊಬ್ಬರದಂಗಡಿಯ ಮೇಲಿತ್ತು. ಬಸ್ಸಿಗೆಂದು ಚೀಲ ಹಿಡಿದು ಕೆಳಗೆ ಬಂದವಳು ಕಾರನ್ನು ಸುತ್ತಿ ನೋಡಿದಳು. ಬಾನೆಟ್ಟಿನ ಮೂಲೆಯನ್ನು ಅಂಗೈಯಿಂದ ಅದುಮಿದಳು. ಕಾರು ಕುಣಿದು ನಿಂತಿತು.

"ಸ್ಪ್ರಿಂಗ್ ತೆಗದೀರೇನ್ರಿ?"

"ನಿನ್ನ ಸಲುವಾಗಿನೇ. ಇನ್ನ ಇದು ನಿಂದು, ದಿನಾ ಒಯ್ಯಿ. ಖೋಲಿ ಖಾಲಿ ಮಾಡು," ಎಂದೆ. ಅವಳು ಖುಷಿಯಾಗುತ್ತಾಳೆ ಎಂದು ಕಾಯುತ್ತಿದ್ದೆ.

"ನನ್ನ ಯಾಕ ಕೇಳಲಿಲ್ರಿ?" ಎಂದಳು. ದನಿ ಏರಿರಲಿಲ್ಲ. "ಖೋಲಿ ನಾ ನಿದ್ದಿ ಸಲುವಾಗಿ ಹಿಡದೀನಿ. ನಿಮ್ಮ ಗಾಡಿ ಮ್ಯಾಲ ಮುನಿಸಿಂದ ಅಲ್ಲ. ಇಷ್ಟು ದೂರ ದಿನಾ ನಾನೇ ಓಡಿಸಿದ್ರ ದಣಿವು ಆಗೂದಿಲ್ಲೇನು?" ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು. "ಮೂರು ವರ್ಷ ಆ ಪೆಡಲ್ ಮ್ಯಾಲ ನಾ ಕುಂತೀನಿ. ಮೊನ್ನೆ ಅಂಗಡಿಯವರನ್ನ ಕರದ್ರಿ. ನಾ ಮಲಗಿದ್ದೆ ಅಷ್ಟ, ಸತ್ತಿರಲಿಲ್ಲ."

ಸ್ಪ್ರಿಂಗು ಕೊಟ್ಟುಬಿಟ್ಟಿದ್ದೇನೆ ಎಂದು ಹೇಳಲು ನಾಚಿಕೆಯಾಯಿತು. ಅವಳು ಮುಂದಿನ ಸೀಟಿನಲ್ಲಿ ಕೂತಳು. ಕಾರು ಸಂತಪುರ ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತು. ರಸ್ತೆಯ ಗುಂಡಿಗಳಲ್ಲಿ ಕಾರು ಮೆಲ್ಲಗೆ ತೂಗುತ್ತಿತ್ತು, ಅವಳ ತಲೆ ಕಿಟಕಿಗೆ ಒರಗಿತ್ತು. ಆ ಹಾಡುವ ಹುಡುಗಿ ಈಗ ಹೇಗಿದ್ದಾಳೆ, ಅಣ್ಣ ಫೋನು ಮಾಡಿದನೇ, ಎಷ್ಟೋ ಕೇಳಬೇಕಿತ್ತು. ಎಬ್ಬಿಸಲಿಲ್ಲ. ಬೀದರ ಬರುವವರೆಗೂ ಅಳು ತಡೆದುಕೊಂಡೇ ಓಡಿಸಿದೆ.

ಅಂಗಳದಲ್ಲಿ ಎಂಜಿನ್ ನಿಲ್ಲಿಸಿದಾಗ ಅವಳಿಗೆ ಎಚ್ಚರವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಚೀಲ ಎತ್ತಿಕೊಂಡಳು.

"ಮುಂದಿನ ಶನಿವಾರ ನೀವು ಬರಬ್ಯಾಡ್ರಿ," ಎಂದಳು. "ನಾ ಬಸ್ಸಿಗೇ ಬರ್ತೇನಿ."