ಪುಕ್ಕಟ ಅಲ್ಲ, ನಮ್ಮದು

ಕಾಕು ಮಾಸ್ಕ್ ಹಾಕಿಕೊಂಡರೆ ಎಡಗಡೆ ಮೂಗಿನ ಹತ್ತಿರ ಅದು ಕಡಲೆಕಾಳಿನಷ್ಟು ಉಬ್ಬಿಕೊಳ್ಳುತ್ತಿತ್ತು. ಒಳಗಿದ್ದದ್ದು ಕೆಂಪು ಹರಳಿನ ಮೂಗುಬೊಟ್ಟು. ಬಟ್ಟೆ ಒತ್ತಿ ಒತ್ತಿ ಸಂಜೆಯ ಹೊತ್ತಿಗೆ ಮೂಗಿನ ಹೊಳ್ಳೆ ಕೆಂಪಾಗಿರುತ್ತಿತ್ತು. "ತೆಗೆದಿಡಿ ಕಾಕು, ಮಾಸ್ಕ್ ಹೋದ್ಮೇಲೆ ಹಾಕ್ಕೊಳ್ಳಿ" ಎಂದರೆ, "ಯಾಕ? ವೈರಸ್ಸಿಗೆ ಅಂಜಿ ಮೂಗುಬೊಟ್ಟು ತಗೀಲೇನು?" ಎನ್ನುತ್ತಿದ್ದರು.

ಅವರು ಧಾರವಾಡದವರು. ನೆದರ್‌ಲ್ಯಾಂಡ್ಸ್‌ನ ನ್ಯೂವೆಗೈನ್ ಎಂಬ ಊರಿನ ಒಂದು ಕಂಪನಿಯಲ್ಲಿ ಸಂಬಳ ವಿಭಾಗದ ಮುಖ್ಯಸ್ಥೆ. ನಾನು ಮೈಸೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದು, ಅವರ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮೊದಲ ದಿನ ಆಂಟಿ ಎಂದಾಗ, "ಆಂಟಿ ಅಂದ್ರ ಬಾಡಗಿ ಜಾಸ್ತಿ, ಕಾಕು ಅನ್ನು" ಎಂದು ನಕ್ಕಿದ್ದರು. ಅವರ ಗಂಡನನ್ನು ಕಾಕಾ ಎಂದು ಕರೆಯುವುದೂ ಹಾಗೇ ರೂಢಿಯಾಯಿತು. ಕಾಕಾ ಮಾತು ಕಡಿಮೆ, ಅಡುಗೆ ಅವರದೇ. ಕಾಕುವಿನ ದನಿ ಮಾತ್ರ ಮೂರು ಮನೆಗೆ ಕೇಳುವಂಥದ್ದು.

ನಾನು ಬಂದ ಕೆಲವೇ ತಿಂಗಳಿಗೆ ಊರೆಲ್ಲ ಬಾಗಿಲು ಹಾಕಿಕೊಂಡಿತು. ಆ ವಸಂತದಲ್ಲೇ ನನಗೆ ಕೆಮ್ಮು ಹಿಡಿಯಿತು. ಜ್ವರದ ಮಾತ್ರೆ ನುಂಗಿ, ಹೊದಿಕೆ ಎಳೆದುಕೊಂಡು ಮಲಗಿದ್ದೆ. ಕಾಕು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಡಾಕ್ಟರಿಗೆ ಫೋನ್ ಹಚ್ಚಿದೇನು?"

"ಇಲ್ಲ ಕಾಕು. ಇಲ್ಲಿ ಡಾಕ್ಟರ್ ನೋಡಿದ್ರೆ ವರ್ಷಕ್ಕೆ ಒಂದು ಮಿತಿ ತನಕ ಖರ್ಚೆಲ್ಲ ನಮ್ದೇ ಅಂತಲ್ಲ. ಆಫೀಸಲ್ಲಿ ಹೇಳಿದ್ರು. ಎರಡು ದಿನ ನೋಡೋಣ ಅಂತ…"

"ಅದು ಆಸ್ಪತ್ರಿಗೆ. ಮನೀ ಡಾಕ್ಟರಿಗೆ ನೀ ಒಂದು ಪೈಸಾ ಕೊಡೂದಿಲ್ಲ. ವಿಮಾ ಕಟ್ಟೀಯಲ್ಲ, ಅದರಾಗ ಬಂತು. ಯಾವ ಶಾಣ್ಯಾ ಹೇಳಿದ ನಿನಗ?"

ಬಡಾವಣೆಯ ಡಾಕ್ಟರಿಗೆ, ಇಲ್ಲಿನವರು ಹೌಸ್‌ಆರ್ಟ್ಸ್ ಎನ್ನುವವರಿಗೆ, ಅವರೇ ಫೋನ್ ಮಾಡಿದರು. ಆ ಕಡೆಯಿಂದ ಸಹಾಯಕಿ, ವಿಶ್ರಾಂತಿ ತೆಗೆದುಕೊಳ್ಳಲಿ, ಜ್ವರ ಹೆಚ್ಚಾದರೆ ಮತ್ತೆ ಫೋನ್ ಮಾಡಿ ಎಂದಳು. ಆ ವಾರಗಳಲ್ಲಿ ಎಲ್ಲರಿಗೂ ಸಿಗುತ್ತಿದ್ದ ಉತ್ತರವೇ ಅದು. ಕಾಕು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು. "ಹೆಸರು, ವಿಳಾಸ ಹೇಳು. ನಡುವ ನಿಲ್ಲಬ್ಯಾಡ."

ಹೆಸರು ಹೇಳಿದೆ. ಬೀದಿಯ ಹೆಸರಿಗೆ ಬರುವಷ್ಟರಲ್ಲಿ ಉಸಿರು ಮುಗಿದು ಕೆಮ್ಮು ಒತ್ತಿಕೊಂಡು ಬಂತು. ಕಾಕು ಫೋನ್ ತಿರುಗಿಸಿಕೊಂಡು ತಮ್ಮ ಧಾರವಾಡದ ಡಚ್ಚಿನಲ್ಲಿ ಗುಡುಗಿದರು: ಕೇಳಿಸಿತಲ್ಲ, ಈ ಹುಡುಗಿಗೆ ಸ್ವಂತ ವಿಳಾಸ ಹೇಳುವಷ್ಟು ಉಸಿರಿಲ್ಲ, ಡಾಕ್ಟರು ಲೈನಿಗೆ ಬರುವ ತನಕ ನಾನು ಫೋನ್ ಇಡುವುದಿಲ್ಲ.

ಡಾಕ್ಟರು ಲೈನಿಗೆ ಬಂದರು. ಅಂದು ಸಂಜೆಯೇ ನಾನು ಆಸ್ಪತ್ರೆಯಲ್ಲಿದ್ದೆ. ಶ್ವಾಸಕೋಶದ ಎರಡೂ ಬದಿಗೆ ಸೋಂಕು ಇಳಿದಿತ್ತು. ಇನ್ನೆರಡು ದಿನ ನೋಡೋಣ ಎಂದು ಮಲಗಿದ್ದರೆ ಏನಾಗುತ್ತಿತ್ತೆಂದು ಅಲ್ಲಿನ ವೈದ್ಯರು ಮೆಲ್ಲಗೆ, ಆದರೆ ಮುಚ್ಚಿಡದೆ ಹೇಳಿದರು.

ಚೇತರಿಸಿಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ ಕಾಕುವಿನ ಜೊತೆ ಹಿತ್ತಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದೆ. ಸಂಬಳದಲ್ಲೂ ಹಿಡಿಯುತ್ತಾರೆ, ವಿಮೆ ಕಂಪನಿಗೂ ಕಟ್ಟಬೇಕು, ಇದೆಲ್ಲ ಹೋಗುವುದಾದರೂ ಎಲ್ಲಿಗೆ ಎಂದು ಕೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೇಳಿದರು:

"ನಿನ್ನ ಕಂಪನಿ ನಿನ್ನ ಪಗಾರದ ಮ್ಯಾಲ ತನ್ನ ಪಾಲು ಕಟ್ತದ. ಅದು ಒಂದು ದೊಡ್ಡ ಗಂಟಿಗೆ ಹೋಗ್ತದ. ಆ ಗಂಟಿನಿಂದ ವಿಮಾ ಕಂಪನಿಗಳಿಗೆ ಹಂಚ್ತಾರ. ಯಾರ ಹಂತ್ಯಾಕ ಜಡ್ಡಾದವರು ಹೆಚ್ಚು ಅದಾರೋ ಅವರಿಗೆ ಹೆಚ್ಚು. ಅದಕ್ಕ ಮೂಲ ವಿಮಾಕ್ಕ ಯಾರೂ ನಿನ್ನ 'ಒಲ್ಲೆ' ಅನ್ನಾಂಗಿಲ್ಲ, ಮುದುಕಿ ಅಂತ ಹೆಚ್ಚು ಕೇಳಾಂಗಿಲ್ಲ. ಸಣ್ಣ ಹುಡುಗರದು ಸರ್ಕಾರ ಕಟ್ತದ. ಇನ್ನ ನಿನ್ನ ತೆರಿಗ್ಯಾಗ ಹಿಡಿಯೂದು ಬ್ಯಾರೆ. ಅದು ಎದ್ದು ಓಡಾಡಲಾರದವರ ಆರೈಕಿಗೆ. ಅವರು ವರ್ಷಗಟ್ಟಲೆ ಹಾಸಿಗಿ ಮ್ಯಾಲ ಇದ್ರೂ ನೋಡ್ಕೋಬೇಕಲ್ಲ."

"ಅಂದ್ರೆ ನಾನು ಆಸ್ಪತ್ರೇಲಿ ಇದ್ದಾಗ ಬೇರೆಯವರ ದುಡ್ಡು…"

"ಪುಕ್ಕಟ ಅಲ್ಲ, ನಮ್ಮದು" ಎಂದರು. ಇದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು. ದಾನ, ಉಪಕಾರ, ಫ್ರೀ ಎಂಬ ಪದಗಳು ಕಿವಿಗೆ ಬಿದ್ದರೆ ಅವರ ಹುಬ್ಬು ಮೇಲೇರುತ್ತಿತ್ತು.

ಆ ವರ್ಷದ ದೀಪಾವಳಿಗೆ ಇಲ್ಲಿನ ಕನ್ನಡದವರೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಸೇರಿದ್ದೆವು. ಹಾಡು, ಹಣತೆ ಎಲ್ಲ ಆಯಿತು. ಆಮೇಲೆ ಮಾತು ತೆರಿಗೆಗೆ ತಿರುಗಿತು. ನೂರ್ಡ್‌ವೈಕ್ ಊರಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ತರುಣ ಎಂಜಿನಿಯರೊಬ್ಬರು, "ನಾವು ಯಂಗ್ ಇದೀವಿ, ಫೈವ್ ಇಯರ್ಸ್ ಆದ್ಮೇಲೆ ವಾಪಸ್ ಹೋಗ್ತೀವಿ. ಇಲ್ಲಿನ ಮುದುಕರನ್ನ ಸಾಕೋಕೆ ನಾವ್ಯಾಕೆ ಪೇ ಮಾಡ್ಬೇಕು? ಹೇಗೂ ಕೋವಿಡ್‌ನಲ್ಲಿ ಹೋಗ್ತಿದಾರೆ" ಎಂದರು. ಕೆಲವರು ನಕ್ಕರು.

ಕಾಕು ಮೈಕ್ ಒತ್ತಿದರು. "ಹೋದ ವರ್ಷ ನಿಮ್ಮ ಮನ್ಯಾಗ ಕೂಸು ಹುಟ್ಟಿತಲ್ರಿ. ದಿನಾ ಮನೀಗೆ ಬಂದು ಕೂಸಿಗೆ ಎರದು, ನಿಮ್ಮ ಹೆಂಡತಿಗೆ ಊಟಾ ಕೊಟ್ಟು, ನೆಲಾ ಒರಿಸಿ ಹೋದಾಕಿ ಯಾರು? ನಿಮ್ಮತ್ತಿಯೇನು? ಬಾಣಂತನಕ್ಕ ವಿಮಾದವರು ಕಳಿಸಿದ ಆ ನರ್ಸಿನ ಪಗಾರ ಎಲ್ಲಿಂದ ಬಂತು? ಆವಾಗ ಈ ಊರಿನ ಮುದುಕರು, ಇವರು ನಾಳೆ ಹೋಗೋ ಮಂದಿ, ಇವರ ಕೂಸಿಗೆ ನಾವ್ಯಾಕ ಕೊಡಬೇಕು ಅಂದ್ರೇನು?"

ಕಾರ್ಯಕ್ರಮ ನಡೆಸುತ್ತಿದ್ದವರು ಗಾಬರಿಯಾಗಿ ಅವರ ದನಿಯನ್ನು ಬಂದ್ ಮಾಡಿದರು. ಕಾಕು ಮತ್ತೆ ಒತ್ತಿದರು. "ಇನ್ನೂ ಮುಗದಿಲ್ರಿ. ಸಾಯೋರನ್ನ ನೋಡಿ ನಕ್ಕವರು ಯಾರ್ಯಾರು, ಮುಖಾ ತೋರಸ್ರಿ." ಒಂದೊಂದೇ ಮುಖ ಪರದೆಯಿಂದ ಮರೆಯಾಯಿತು. ಕಾಕಾ ಪಕ್ಕದಲ್ಲಿ ತಲೆ ತಗ್ಗಿಸಿ ಚಕ್ಕುಲಿ ಮುರಿಯುತ್ತಿದ್ದರು. ನಗು ತಡೆಯುತ್ತಿದ್ದರೆಂದು ನನಗೆ ಗೊತ್ತಿತ್ತು.

ಆ ಚಳಿಗಾಲ ಕಾಕುವಿನ ಬಲಗೈ ಸೋಲತೊಡಗಿತು. ಚಹದ ಲೋಟ ಜಾರಿತು, ಗುಂಡಿ ಹಾಕಲು ಬರದಾಯಿತು. ಬಳಿಕ ಕಾಲು. ನರಗಳು ಒಂದೊಂದಾಗಿ ಕೈಬಿಡುವ ರೋಗ, ಮದ್ದಿಲ್ಲ, ಬೇಗ ಏರುತ್ತಿದೆ ಎಂದು ಡಾಕ್ಟರು ಹೇಳಿದ ದಿನ ಅವರು ಅತ್ತರು. ಜೋರಾಗಿಯೇ ಅತ್ತರು. ಮರುದಿನ ಧಾರವಾಡದಿಂದ ಅಣ್ಣ ಫೋನ್ ಮಾಡಿ, "ಆ ಪರದೇಶದಾಗ ಯಾರ ನೋಡ್ತಾರ ನಿನ್ನ? ಬಂದುಬಿಡು" ಎಂದರೆ, "ಯಾರನ್ನೂ ಬೇಡಾಂಗಿಲ್ಲ ಇಲ್ಲಿ. ದುಡಿಯೂ ತನಕ ಕೊಟ್ಟೀನಿ, ಈಗ ತಗೋತೀನಿ" ಎಂದು ಉತ್ತರಿಸಿದರು.

ಮನೆಯಲ್ಲೇ ಆರೈಕೆ ಬೇಕೆಂದು ಹಾಕಿದ್ದ ಅರ್ಜಿಗೆ ಬೇಸಿಗೆಯಲ್ಲಿ ಆರೈಕೆಯ ಏರ್ಪಾಟು ಮಾಡುವ ಕಚೇರಿಯಿಂದ ಉತ್ತರ ಬಂತು. ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟ ಮತ್ತು ದುಬಾರಿ, ಆರೈಕೆ ಕೇಂದ್ರಕ್ಕೆ ಸೇರುವುದು ಸೂಕ್ತ. ಆಗ ಅಂಥ ಕೇಂದ್ರಗಳಲ್ಲಿ ಭೇಟಿಗೆ ಬರುವವರಿಗೆ ಮಿತಿಯಿತ್ತು, ಸೋಂಕು ಕಂಡರೆ ಬಾಗಿಲೇ ಮುಚ್ಚುತ್ತಿತ್ತು. ಕಿಟಕಿಯ ಗಾಜಿನಾಚೆ ನಿಂತು ಕೈಬೀಸುವವರನ್ನು ನಾವೆಲ್ಲ ನೋಡಿದ್ದೆವು. ಕಾಕಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು.

"ಏ ತಂಗಿ, ಲ್ಯಾಪ್‌ಟಾಪ್ ತಗೋ" ಎಂದರು ಕಾಕು. ಅವರು ಹೇಳಿದಂತೆ ತಕರಾರು ಬರೆದೆ. ಮನೆಯಲ್ಲೇ ಆರೈಕೆ ಪಡೆಯಲು ಕಾನೂನಿನಲ್ಲಿ ದಾರಿ ಇದೆ, ಮಂಚ ಕೆಳಗಿನ ಕೋಣೆಗೆ ಬರುತ್ತದೆ, ಗಂಡ ಜೊತೆಗಿದ್ದಾನೆ, ಬೆಳಿಗ್ಗೆ ಸಂಜೆ ನರ್ಸ್ ಬಂದರೆ ಸಾಕು. ಕೊನೆಗೆ ನಾನು ಅಭ್ಯಾಸಬಲದಿಂದ 'ದಯವಿಟ್ಟು' ಎಂಬ ಡಚ್ ಪದ ಸೇರಿಸಿದೆ. ಪರದೆಯನ್ನೇ ನೋಡುತ್ತಿದ್ದವರು ತಟ್ಟನೆ, "ತಗಿ ಅದನ್ನ" ಎಂದರು.

"ಮರ್ಯಾದೆಗೆ ಇರಲಿ ಕಾಕು."

"ಮರ್ಯಾದಿ ಮ್ಯಾಲ ಮೊದಲನೇ ಸಾಲಿನಾಗ ಅದ. ಕಡೀಕ ಬೇಡೂದು ಬ್ಯಾಡ."

ತೆಗೆದೆ. ಕಚೇರಿಯವರು ಮನೆಗೆ ಬಂದು ನೋಡಿದರು, ಪ್ರಶ್ನೆ ಕೇಳಿದರು. ಕಾಕು ಪ್ರತಿಯೊಂದಕ್ಕೂ ಎದುರು ಪ್ರಶ್ನೆ ಹಾಕಿದರು. ಕೆಲವು ವಾರಗಳಲ್ಲಿ ಒಪ್ಪಿಗೆ ಸಿಕ್ಕಿತು. ನಡುಮನೆಯಲ್ಲಿ ಏರಿಳಿಸುವ ಮಂಚ ಬಂತು. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ನರ್ಸೊಬ್ಬಳು ಬರತೊಡಗಿದಳು, ಎತ್ತರದ, ಗಟ್ಟಿ ಕೈಯ ಹೆಂಗಸು. ಮೊದಲ ವಾರವೇ ಕಾಕು ಅವಳಿಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವುದನ್ನು ಕಲಿಸಿದರು. ಸಡಿಲವಾದರೆ ಬಿಚ್ಚಿಸಿ ಮತ್ತೆ ಹೆಣೆಸುತ್ತಿದ್ದರು.

ಆ ದೊಡ್ಡ ದನಿ ತೆಳ್ಳಗಾಗುತ್ತ ಹೋಯಿತು. ಆದರೂ ಸಂಬಳದ ಚೀಟಿ ಹಿಡಿದು ಸಲಹೆಗೆ ಫೋನ್ ಮಾಡುವ, ಈ ದೇಶಕ್ಕೆ ಹೊಸಬರಾದ ಕನ್ನಡದವರಿಗೆ ಅವರು ಪಿಸುಗುಟ್ಟಿದ್ದನ್ನು ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ನಾನು ಮೆತ್ತಗೆ ಹೇಳಿದರೆ ಕಣ್ಣು ಕೆಕ್ಕರಿಸುತ್ತಿದ್ದರು. ಉಸಿರಾಟದ ಯಂತ್ರ ಬೇಡವೆಂದು ತಾವೇ ತೀರ್ಮಾನಿಸಿದರು. ಅದನ್ನೂ ಡಾಕ್ಟರಿಗೆ ಕೋರಿಕೆಯಂತೆ ಹೇಳಲಿಲ್ಲ, ತಿಳಿಸಿದರು ಅಷ್ಟೆ. ಗಟ್ಟಿಯಾಗಿ ಮಾತಾಡುವುದನ್ನು ನಾನು ಕಲಿತದ್ದು ಆ ಮಂಚದ ಪಕ್ಕದಲ್ಲಿ. ನನ್ನ ಉಸಿರು ಉಳಿದದ್ದೂ ಅವರಿಂದಲೇ. ಈ ಎರಡನ್ನೂ ತೀರಿಸುವ ದಾರಿ ನನಗೆ ಇಂದಿಗೂ ಕಂಡಿಲ್ಲ.

ವರ್ಷದ ಕೊನೆಯಲ್ಲಿ, ಮತ್ತೆ ಅಂಗಡಿಗಳೆಲ್ಲ ಮುಚ್ಚಿದ್ದ ದಿನಗಳಲ್ಲಿ, ಒಂದು ನಸುಕಿನಲ್ಲಿ ಕಾಕು ಹೋದರು. ಕಾಕಾ ಅವರ ಕೈ ಹಿಡಿದು ಕೂತಿದ್ದರು. ಡಾಕ್ಟರು ಬಂದು ನೋಡಿ ಹೋದ ಮೇಲೆ, ಎಂದಿನ ಹೊತ್ತಿಗೆ ನರ್ಸ್ ಬಾಗಿಲು ಬಡಿದಳು. ಕಾಕಾ ಬಾಗಿಲು ತೆರೆದು ತಡವರಿಸಿದರು. ತಿಳಿಸಬೇಕಿತ್ತು, ಮರೆತೆವು, ನೀವು ಸುಮ್ಮನೆ ಬರುವಂತಾಯಿತು ಎಂದರು.

"ಸುಮ್ಮನೆ ಅಲ್ಲ" ಎಂದಳು ಅವಳು. "ಈ ಬೆಳಗೂ ಅವರದೇ."

ಕೋಟು ತೆಗೆದಿಟ್ಟು, ಬಿಸಿನೀರು ಕೇಳಿ, ದಿನದಂತೆಯೇ ಮೈ ಒರೆಸಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಳು. ಸೀರೆ ಉಡಿಸಲು ನಾನೂ ಕಾಕಾನೂ ನೆರವಾದೆವು. ಎಲ್ಲ ಮುಗಿದ ಮೇಲೆ ಅವಳು ಕಾಕುವಿನ ಹಣೆಯ ಮೇಲೆ ಒಂದು ಗಳಿಗೆ ಅಂಗೈ ಇಟ್ಟು, ಕೋಟು ತೊಟ್ಟು ಹೊರಬಂದಳು. ನಾನು ಗೇಟಿನವರೆಗೆ ಹೋದೆ. ಸೀಟಿನ ಮೇಲಿನ ಮಂಜನ್ನು ತೋಳಿನಿಂದ ಒರೆಸಿ ಅವಳು ಸೈಕಲ್ ಹತ್ತಿದಳು. ಮುಂದಿನ ಬೀದಿಯಲ್ಲಿ ಇನ್ನೊಬ್ಬರು ಅವಳಿಗಾಗಿ ಕಾಯುತ್ತಿದ್ದರು.