ಎರಡು ಸಲ ತೆಗೆದ ಕಸ

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ವಿಜಾಪುರದ ಮಾಸ್ತರರೊಬ್ಬರು ಪಿಯುಸಿ ವಿಜ್ಞಾನಕ್ಕೆ ಹೋಗುವ ಹುಡುಗರಿಗೆ ಮನೆಯಲ್ಲೇ ರಸಾಯನಶಾಸ್ತ್ರ ಹೇಳುತ್ತಿದ್ದರು. ಲೆಕ್ಕ ತಪ್ಪಿದವನನ್ನು ಆರ್ಟ್ಸ್ ಓದೆಂದು ಕಳಿಸಿಬಿಡುತ್ತಿದ್ದರು. ಅವರಿಗಿಂತ ಮೊದಲು ಎಲ್ಲರ ಪಾಟಿ ನೋಡುವವನು ಆ ಹುಡುಗರಲ್ಲೇ ಒಬ್ಬನಾದ ನಾನು. ನನ್ನಂಥ ಅಲ್ಪನಿಗೆ ಆ ಅಧಿಕಾರವೇ ದೊಡ್ಡದಾಗಿತ್ತು.

ತಿಕೋಟಾದಿಂದ ಬಸ್ಸಿಗೆ ಬರುವ ಒಬ್ಬನಿದ್ದ. ವಿಜ್ಞಾನವೇ ಬೇಕೆಂದು ಮನೆಯಲ್ಲಿ ಜಗಳವಾಡಿ ಬಂದವನು. ಅವನ ಎಣ್ಣೆತಲೆ, ನಿಧಾನದ ಮಾತು, ಎರಡೂ ನನಗೆ ಆಗುತ್ತಿರಲಿಲ್ಲ.

ಅಂದಿನ ಲೆಕ್ಕ ಇದು: ನೂರಕ್ಕೆ ಅರವತ್ತೈದು ಪಾಲು ಮಾತ್ರ ಶುದ್ಧವಾಗಿರುವ ಹತ್ತು ಗ್ರಾಂ ಸತುವನ್ನು ಆಮ್ಲಕ್ಕೆ ಹಾಕಿದರೆ ಎಷ್ಟು ಜಲಜನಕ ಬರುತ್ತದೆ? ಮಾಸ್ತರರ ರೀತಿಯಲ್ಲಿ ಮೊದಲು ಕಸ ಕಳೆಯಬೇಕು. ಉಳಿದದ್ದು ಆರೂವರೆ ಗ್ರಾಂ, ಅಂದರೆ ಮೋಲಿನ ಹತ್ತನೇ ಒಂದು ಪಾಲು. ಅನಿಲ ೨.೨೪ ಲೀಟರ್. ಇವನು ಹತ್ತೂ ಗ್ರಾಂ ಶುದ್ಧವೆಂದೇ ಹಿಡಿದು ಅನಿಲ ತೆಗೆದು, ಕಡೆಗೆ ಅದರಲ್ಲಿ ನೂರಕ್ಕೆ ಅರವತ್ತೈದು ಪಾಲು ಇಟ್ಟುಕೊಂಡಿದ್ದ. ಉತ್ತರ ಅದೇ.

"ಏನಲೇ, ನಿಮ್ಮೂರಾಗ ಜ್ವಾಳಾ ಬೀಸಿದ ಮ್ಯಾಲೆ ಕಲ್ಲ ಆರಸ್ತಾರೇನು?" ಎಂದೆ. ಎಲ್ಲರೂ ನಕ್ಕರು.

"ಅಲ್ಲೋ, ಯಾವಾಗ ತಗದ್ರೂ ಕಸ ಅಷ್ಟ ಅಲ್ಲೇನು? ಉತ್ತರ ಬಂದೈತಿ ನೋಡು."

"ಪುಸ್ತಕದ ಹಿಂದ ನೋಡಿ ಬರದಿ. ಮೊದಲ ಕಸ ತಗಿ ಮಗನ!"

ಪಾಟಿಯ ಮೇಲೆ ಅಡ್ಡಗೆರೆ ಎಳೆದೆ. ಅವನದು ಸರಿ ಎಂದು ಗೆರೆ ಎಳೆಯುವಾಗಲೇ ನನಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಮಾಸ್ತರರು ಬಂದು, ದೂರದಿಂದಲೇ ಅಡ್ಡಗೆರೆ ಕಂಡು ಅವನನ್ನೇ ಬೋರ್ಡಿಗೆ ಕರೆದರು. ಅವನು ಹೆದರಿ, ನನ್ನ ಮಾತಿನಂತೆ ಮೊದಲು ಕಸ ತೆಗೆದ. ತನ್ನ ರೂಢಿಯಂತೆ ಕಡೆಗೆ ಮತ್ತೊಮ್ಮೆ ತೆಗೆದ. ಒಂದೂವರೆ ಲೀಟರ್ ಕೂಡ ಉಳಿಯಲಿಲ್ಲ.

"ಅರ್ಧಾ ಗ್ಯಾಸ್ ತಿಕೋಟಾದ ಬಸ್ಸಿನ್ಯಾಗ ಬಿಟ್ಟ ಬಂದಿ ಏನಪಾ? ನಾಳೆಯಿಂದ ಬರಬ್ಯಾಡ," ಎಂದರು ಮಾಸ್ತರರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವನ ಪಾಟಿ ನನ್ನ ತೊಡೆಯ ಮೇಲೇ ಇತ್ತು, ಎತ್ತಿ ತೋರಿಸಿದ್ದರೆ ಸಾಕಿತ್ತು. ಅಂಗೈಯಿಂದ ಒರೆಸಿಬಿಟ್ಟೆ.

ವಿಜ್ಞಾನಕ್ಕೆ ಹೋದ ನಾನು ಪಿಯುಸಿಯಲ್ಲಿ ನಪಾಸಾದೆ. ನನ್ನ ಯೋಗ್ಯತೆ ಅಷ್ಟೇ. ಅವನು ಓದು ಬಿಟ್ಟು ಬಬಲೇಶ್ವರದಲ್ಲಿ ಸೋದರಮಾವನ ಬಟ್ಟೆ ಅಂಗಡಿ ಸೇರಿದ. ಕೆಲವು ವರ್ಷಗಳ ಮೇಲೆ, ತಪ್ಪು ಒಪ್ಪಿಕೊಳ್ಳಬೇಕೆಂದೇ ಅಲ್ಲಿಗೆ ಹೋದೆ.

"ಬರ್ರಿ, ಕುಂದರ್ರಿ. ಚಾ ತರಸ್ತೀನಿ," ಎಂದ. ಗೆಳೆಯನಾಗಿದ್ದರೆ ಏಕವಚನದಲ್ಲೇ ಮಾತಾಡಿಸುತ್ತಿದ್ದ.

ಚಹಾ ಕುಡಿದೆ, ಮಳೆಯ ಮಾತಾಡಿದೆ, ಒಂದು ಟಾವೆಲ್ ಕೊಂಡು ಬಸ್ಸು ಹತ್ತಿದೆ.